ನಿದ್ದೆ ಹತ್ತುವ ಹೊತ್ತಿನ ತಾರಾ

ಸ್ಟೀಲ್ ತಟ್ಟೆಯೊಂದು ನೆಲಕ್ಕೆ ಬಿದ್ದು, ಅಂಚಿನ ಮೇಲೆ ಗಿರಗಿರ ತಿರುಗಿ, ಕೊನೆಗೆ ಟಪಟಪ ಬಡಿದುಕೊಂಡು ಸುಮ್ಮನಾಗುವ ಸದ್ದು. ನಮ್ಮ ಯಜಮಾನರು ತೀರಿಕೊಂಡ ಮಾರನೇ ವರ್ಷ, ಮಧ್ಯಾಹ್ನದ ಊಟ ಮುಗಿಸಿ ಈಸಿ ಚೇರಿನಲ್ಲಿ ಕಣ್ಣು ಮುಚ್ಚಿದೆನೋ ಇಲ್ಲವೋ, ಆ ಸದ್ದು. ಗಾಬರಿಯಿಂದ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ತಟ್ಟೆಗಳೆಲ್ಲ ಸ್ಟ್ಯಾಂಡಿನಲ್ಲಿ, ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ, ಶಿಸ್ತಾಗಿ ನಿಂತಿರುತ್ತಿದ್ದವು.

"ಏನತ್ತೆ?" ಅಂತ ಸೊಸೆ ಶೈಲಾ ಕೇಳುತ್ತಿದ್ದಳು.

"ತಟ್ಟೆ ಬಿತ್ತಲ್ಲಮ್ಮ."

"ಇಲ್ಲಿ ಯಾವ ತಟ್ಟೆನೂ ಬಿದ್ದಿಲ್ಲ. ಪಕ್ಕದ್ಮನೇಲಿ ಬಿದ್ದಿರ್ಬೇಕು ಬಿಡಿ."

ಹೀಗಾಗಿ ನಮ್ಮ ಹುಣಸೂರಿನ ಮನೆಯ ಪಕ್ಕದಲ್ಲಿರುವ ಜಮೀಲಾಬಿಯ ಕೈಯಲ್ಲಿ ಒಂದು ಪಾತ್ರೆಯೂ ನಿಲ್ಲುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಪೂರ್ ವುಮನ್. ಅವಳ ಕೈ ನನ್ನ ಕೈಗಿಂತ ಗಟ್ಟಿ.

ಈಗ ನನಗೆ ನನ್ನ ಕಾಯಿಲೆಯ ಹೆಸರು ಗೊತ್ತು. ಮಾತ್ರೆ ನುಂಗುತ್ತೇನೆ, ಮನೆಯವರ ಜೊತೆ ಕೂತು ಊಟ ಮಾಡುತ್ತೇನೆ, ಪೇಪರ್ ಓದುತ್ತೇನೆ. ಇದನ್ನು ಬರೆಯುವುದಕ್ಕೆ ಎರಡು ಕಾರಣ. ನನ್ನ ಹಾಗೆ ಕಣ್ಣು ಮುಚ್ಚುವ ಹೊತ್ತಿಗೆ ಇಲ್ಲದವರನ್ನು ಕಂಡು, ಇಲ್ಲದ ಮಾತು ಕೇಳಿ, ತಲೆ ಕೆಟ್ಟಿದೆ ಅಂದುಬಿಡುತ್ತಾರೆಂದು ಬಾಯಿ ಮುಚ್ಚಿಕೊಂಡವರು ಬೇರೆ ಮನೆಗಳಲ್ಲೂ ಇರುತ್ತಾರೆ. ಅವರಿಗಾಗಿ ಒಂದು. ಇನ್ನೊಂದು ನನಗಾಗಿಯೇ. ನನ್ನ ತಂಗಿ ತಾರಾ ಈಗ ಇಲ್ಲ. ಅವಳ ಬಗ್ಗೆ ನನ್ನ ತಲೆಯೊಳಗೆ ಇರುವುದರಲ್ಲಿ ಎಷ್ಟು ಅವಳದು, ಎಷ್ಟು ನನ್ನ ಕಾಯಿಲೆಯದು ಎಂದು ಬಿಡಿಸಿಕೊಳ್ಳಬೇಕು. ಅವಳನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ತಡವರಿಸದೆ ಹೇಳುವಂತಾಗಬೇಕು. ಇಷ್ಟೇ ನನ್ನ ಆಸೆ.

ನಮ್ಮ ತವರು ಕಂಪಲಾಪುರ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಇಂಗ್ಲಿಷ್ ಮಾತಾಡುವ ಖರೀದಿದಾರರ ಮುಂದೆ ಬಾಯಿ ಕಟ್ಟಿ ನಿಂತ ಸಿಟ್ಟಿಗೆ ಇಬ್ಬರು ಹೆಣ್ಣುಮಕ್ಕಳನ್ನೂ ಮೈಸೂರಿನ ಒಂದು ಕಾನ್ವೆಂಟಿಗೆ ಹಾಕಿ, ಬೋರ್ಡಿಂಗಿನಲ್ಲಿ ಬಿಟ್ಟರು. ಅಲ್ಲಿ ನಾನು ಇಂಗ್ಲಿಷ್ ಕಲಿತೆ, ಕಸೂತಿ ಕಲಿತೆ, ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆ ಮಾಡಿದೆ. ಪ್ರೇಯರ್‌ನಲ್ಲಿ ನಿದ್ದೆ, ಜಿಯಾಗ್ರಫಿಯಲ್ಲಿ ನಿದ್ದೆ, ಊಟದ ತಟ್ಟೆಯ ಮುಂದೆ ನಿದ್ದೆ. "ಲೀಲಾ! ಸ್ಟ್ಯಾಂಡ್ ಅಪ್ ಆನ್ ದ ಬೆಂಚ್!" ಎಂದು ಸಿಸ್ಟರ್ ಕೂಗುತ್ತಿದ್ದರು. ನಾನು ಬೆಂಚಿನ ಮೇಲೆ ನಿಂತು, ನಿಂತಲ್ಲೇ ತೂಕಡಿಸುತ್ತಿದ್ದೆ. ಕಿಟಕಿಯಾಚೆ ಹೋಗುವ ಸಣ್ಣ ಕ್ಲಾಸಿನ ಸಾಲಿನಲ್ಲಿದ್ದ ತಾರಾ ಅದನ್ನು ನೋಡಿ, ನಾನು ಬೀಳುತ್ತೇನೆಂದು ಸಾಲು ಬಿಟ್ಟು ಓಡಿಬಂದು ತಾನೂ ಏಟು ತಿಂದಿದ್ದಳು.

ಇನ್ನೊಂದು ವಿಚಿತ್ರವಿತ್ತು. ಜೋರಾಗಿ ನಗು ಬಂದರೆ ನನ್ನ ಮೊಣಕಾಲು ಕಳಚಿಕೊಂಡಂತಾಗಿ ನೆಲಕ್ಕೆ ಕುಸಿಯುತ್ತಿದ್ದೆ. ಪ್ರಜ್ಞೆ ತಪ್ಪುತ್ತಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು, ಆದರೆ ಮೈ ನನ್ನದಾಗಿರುತ್ತಿರಲಿಲ್ಲ. ಬೇರೆ ಹುಡುಗಿಯರು ಡ್ರಾಮಾ ಅಂದರು. ತಾರಾ ಮಾತ್ರ ತಮಾಷೆಯ ಮಾತು ಹೇಳುವ ಮೊದಲು ಎರಡೂ ಕೈಯಿಂದ ನನ್ನ ಸೊಂಟ ಹಿಡಿಯುತ್ತಿದ್ದಳು. "ಹಿಡ್ಕೊಂಡಿದೀನಿ ಅಕ್ಕ, ಈಗ ನಗು" ಎನ್ನುತ್ತಿದ್ದಳು.

ಮದುವೆಯಾಗಿ ನಾನು ಹುಣಸೂರಿಗೆ ಬಂದೆ, ತಾರಾ ಮಿರ್ಲೆಗೆ ಹೋದಳು. ನಮ್ಮ ಯಜಮಾನರಿಗೆ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಕೆಲಸ. ನಾನು ಊರಿನ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್ ಆದೆ. ಪಾಠದ ನಡುವೆ ಕುರ್ಚಿಯಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಒಮ್ಮೆ ಎಚ್ಚರವಾಗುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಪಿಸುಮಾತು ಕೇಳಿಸಿತು. "ಮಿಸ್ಸು ಮಲಗವ್ರೆ, ಸುಮ್ಕಿರ್ರಲಾ." ಆ ಮಕ್ಕಳು ಹೆಡ್‌ಮಿಸ್ಟ್ರೆಸ್‌ಗೆ ಒಂದು ದಿನವೂ ಹೇಳಲಿಲ್ಲ. ನಮ್ಮತ್ತೆಗೆ ಅಷ್ಟು ಕರುಣೆಯಿರಲಿಲ್ಲ. "ಕಾನ್ಮೆಂಟ್ ಸೊಸೆ ತಂದೋ, ಸೊಪ್ಪು ಸೋಸೋಕೆ ಕೂತ್ರೆ ಸೊಪ್ಪಿನ ಮ್ಯಾಲೇ ಮಲಿಕತಾಳೆ" ಎಂದು ಬೀದಿಗೆಲ್ಲ ಹೇಳುತ್ತಿದ್ದರು. ಸೋಮಾರಿ ಎಂಬ ಹೆಸರನ್ನು ನಾನು ಸುಮ್ಮನೆ ಉಟ್ಟುಕೊಂಡೆ. ಬೇರೆ ಹೆಸರಿದೆ ಎಂದು ಯಾರಿಗೆ ಗೊತ್ತಿತ್ತು?

ಯಜಮಾನರು ಹೋದ ಮೇಲೆ ಅದು ಬೇರೆಯೇ ರೂಪ ತಾಳಿತು. ನಾಳೆಯ ದೋಸೆಗೆ ಉದ್ದು ನೆನೆಹಾಕಬೇಕು ಅಂತ ಯೋಚಿಸುತ್ತಾ ಕೂತಿರುತ್ತೇನೆ. ಸರಿಯಾದ ಯೋಚನೆಯೇ. ಉದ್ದು ಅರ್ಧ ಪಾವು ಸಾಕಾ? ಸಾಕು, ಆದರೆ ಎಲ್ಲ ಬಂದಿವೆಯಾ ಎಂದು ಅಟೆಂಡೆನ್ಸ್ ಕೂಗಬೇಕು. ಒಂದು ಕಾಳು ಆಬ್ಸೆಂಟ್, ಅದರ ಅಪ್ಪನನ್ನು ಕರೆಸಬೇಕು. ಇದರಲ್ಲಿ ಎಲ್ಲಿಯೂ ತಪ್ಪು ಕಾಣುತ್ತಿರಲಿಲ್ಲ. ಇಲ್ಲಿಗೆ ಎಚ್ಚರ ಮುಗಿಯಿತು, ಇಲ್ಲಿಂದ ಕನಸು ಎಂದು ಗೆರೆ ಹಾಕುವುದಕ್ಕೆ ಜಾಗವೇ ಸಿಗುತ್ತಿರಲಿಲ್ಲ. ಅದೇ ಕುರ್ಚಿ, ಅದೇ ಕಿಟಕಿ, ಅದೇ ಬೆಳಕು. ಬಾಗಿಲಲ್ಲಿ ಬನಿಯನ್ ಹಾಕಿಕೊಂಡ ಯಜಮಾನರು. ಹೊಗೆಸೊಪ್ಪಿನ ಘಾಟು ಕೂಡ ಬರುತ್ತಿತ್ತು. "ರೇಡಿಯೋಗೆ ಸೆಲ್ ತರ್ಲಾ?" ಅನ್ನುತ್ತಿದ್ದರು. "ತನ್ನಿ, ಹಾಗೇ ಸ್ವಲ್ಪ ಸಕ್ಕರೆ" ಅನ್ನುತ್ತಿದ್ದೆ.

ಶೈಲಾ ಇದನ್ನು ಕೇಳಿಸಿಕೊಂಡಳು. ಮಗ ಹರೀಶ ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದಾಗ ಒಳಗೆ ಹೇಳುತ್ತಿದ್ದುದು ನನಗೂ ಕೇಳಿಸಿತು.

"ಅತ್ತೆ ಮಾವನ ಜೊತೆ ಮಾತಾಡ್ತಾರೆ ಕಣ್ರೀ. ಸಕ್ಕರೆ ತರೋಕ್ ಹೇಳ್ತಾರೆ."

"ಅಪ್ಪ ಇದ್ದಾಗ ತರ್ತಿರ್ಲಿಲ್ಲ, ಈಗ ತಂದಾರಾ? ಸುಮ್ನಿರು, ವಯಸ್ಸಾಯ್ತು."

ಊರಿನ ಡಾಕ್ಟರು ಬಿಪಿ ನೋಡಿದರು, ರಕ್ತ ಕಡಿಮೆ ಅಂದರು, ಕಬ್ಬಿಣದ ಮಾತ್ರೆ ಕೊಟ್ಟರು. ಇನ್ನೊಬ್ಬರು, ಗಂಡ ಸತ್ತ ದುಃಖ, ಟೈಮ್ ವಿಲ್ ಹೀಲ್ ಅಂದರು. ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಯಜಮಾನರು ಬಂದು ನಿಲ್ಲುತ್ತಿದ್ದದ್ದು ನನಗೆ ಬೇಜಾರಿನ ವಿಷಯವಾಗಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಮೊಬೈಲ್ ರಿಂಗಾಯಿತು. ತಾರಾಳ ಮಗ ಮಂಜನ ಧ್ವನಿ. ಅವನಿಗೆ ಅಳು ಒತ್ತಿಕೊಂಡು ಬರುತ್ತಿತ್ತು.

"ದೊಡ್ಡವ್ವ, ಅವ್ವ ಓಗ್ಬುಟ್ಳು ಕಣ್ ದೊಡ್ಡವ್ವ."

ನಾನು ಕಿರುಚಿಕೊಂಡು ಎದ್ದೆ. ಶೈಲಾ ಓಡಿಬಂದಳು. ಮಂಜನಿಗೆ ಒಂದು ಸಲ ಫೋನ್ ಹಚ್ಚಿದಳು, ಸ್ವಿಚ್ಡ್ ಆಫ್ ಬಂತು. ಸಾವಿನ ಮನೆಗೆ ಮತ್ತೆ ಮತ್ತೆ ಫೋನ್ ಮಾಡಿ ನಿಜವಾ ಎಂದು ಕೇಳುವವರು ಯಾರು? ಹರೀಶ ಅಂಗಡಿ ಮುಚ್ಚಿ ಬಂದ. ಕಂಪಲಾಪುರದಿಂದ ನಮ್ಮ ಚಿಕ್ಕಪ್ಪನ ಮಗ ಪುಟ್ಟಸ್ವಾಮಿ ತನ್ನ ಕಾರಿನಲ್ಲಿ ಬಂದು ನಮ್ಮನ್ನು ಹತ್ತಿಸಿಕೊಂಡ. ಸತ್ತ ಹೆಣ್ಣುಮಗಳಿಗೆ ತವರಿನ ಸೀರೆ ಹೊದಿಸಬೇಕಲ್ಲ, ಅದನ್ನೂ ಕೊಂಡು ತಂದ. ದಾರಿಯಲ್ಲಿ ಹಾರ ತೆಗೆದುಕೊಂಡೆವು. ಶೈಲಾ ಮಿರ್ಲೆಯ ಬೀದಿ ತಿರುಗುತ್ತಿದ್ದ ಹಾಗೇ ರಾಗ ತೆಗೆದು ಅತ್ತಳು.

ತಾರಾ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಳು ಹಿತುಕುತ್ತಿದ್ದಳು.

ಅವಳು ಹಾರ ನೋಡಿದಳು. ಪುಟ್ಟಸ್ವಾಮಿಯ ಕಂಕುಳಲ್ಲಿದ್ದ ಸೀರೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅಷ್ಟೇ ಹೊತ್ತು. ಮೊರ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, "ಎಲ್ಲಾ ಅತ್ರಾ?" ಅಂದಳು.

ಪುಟ್ಟಸ್ವಾಮಿ ಸೀರೆಯನ್ನು ಬೆನ್ನ ಹಿಂದೆ ಸರಿಸಿದ.

"ಅಳ್ಬೇಕು ಕಣ್ರಪ್ಪ, ಅತ್ರೇನೇ ದೋಸ ಕಳ್ಯದು. ನೆನ್ನೆ ಬಟ್ಟೆ ಒಗ್ಯೋ ಕಲ್ಲತಾವು ಕಾಗೆ ಬಂದು ನೆತ್ತಿಗೇ ಕುಕ್ಬುಡ್ತು. ಅದ್ಕೇ ಅಕ್ಕಂಗೆ ಸುದ್ದಿ ಮುಟ್ಸಿದ್ದು."

ನಮ್ಮ ಕಡೆ ಇದು ಗೊತ್ತಿರುವ ಪದ್ಧತಿ. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಅಂತ. ಅದನ್ನು ತಪ್ಪಿಸಲು ಹತ್ತಿರದ ನೆಂಟರಿಗೆ, ಸತ್ತುಹೋದರು ಎಂದೇ ಸುದ್ದಿ ಕಳಿಸುತ್ತಾರೆ. ಅವರು ನಂಬಿ ನಿಜವಾದ ಕಣ್ಣೀರು ಹಾಕಿದರೆ ಬಂದ ಸಾವು ತೀರಿಹೋಯಿತು ಎಂದು ಲೆಕ್ಕ. ಆಮೇಲೆ ಅತ್ತವರಿಗೆ ಸಿಹಿ ಊಟ. ಯಾರೂ ಸಿಟ್ಟಾಗುವ ಹಾಗಿಲ್ಲ.

"ಥೂ ತಾರಕ್ಕ!" ಅಂದ ಪುಟ್ಟಸ್ವಾಮಿ. "ಕಣ್ಕಾಣ್ದಂಗೆ ಅತ್ಕಂಡು ಕಾರ್ ಓಡ್ಸಿವ್ನಿ. ಲಾರಿಗೆ ಗುದ್ಬುಟ್ಟಿದ್ರೆ ನಾನೇ ಓಗಿರ್ತಿದ್ದೆ!"

"ನನಗೋಸ್ಕರ ನೀನು ಅತ್ಯಾ ಪುಟ್ಟ? ಬಾ ಒಳಿಕ್ಕೆ, ಪಾಯ್ಸ ಮಾಡ್ತೀನಿ. ಆ ಸೀರೆ ತತ್ತಾ ಇಲ್ಲಿ. ಬಣ್ಣ ಸಂದಾಕದೆ, ಮಡಿಕ್ಕತೀನಿ."

ಮಂಜ ಗದ್ದೆಯಿಂದ ಕೆಸರುಗಾಲಲ್ಲಿ ಬಂದು, "ಇದೇನವ್ವ? ಯಾರ್ ಸುದ್ದಿ ಮುಟ್ಸಿದ್ದು?" ಅಂದ.

"ನಾನೇ ಮಾಡ್ಸಿದ್ದು, ನಿನ್ ಫೋನ್ನಾಗೆ. ಸುಮ್ಕೆ ಕಾಲ್ ತೊಳ್ಕೊ ಓಗು."

ಎಲ್ಲರೂ ಬೈಯುತ್ತಲೇ ಪಾಯಸಕ್ಕೆ ಕೂತರು. ತಾರಾ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಯಾರಿಗೂ ತಿಳಿಯಬಾರದ ಮಾತಿಗೆ ನಾವಿಬ್ಬರೂ ಮೊದಲಿನಿಂದ ಇಂಗ್ಲಿಷ್ ಬಳಸುತ್ತಿದ್ದೆವು.

"ಟೆಲ್ ಮಿ ದ ಟ್ರೂತ್ ಅಕ್ಕ. ನಾನು ಸತ್ತೆ ಅಂತ ಯಾರ್ ಹೇಳಿದ್ದು?"

"ಮಂಜ ಕಣೇ. ಫೋನಲ್ಲಿ. ಅವನದೇ ಧ್ವನಿ."

"ಮಂಜ ಬೆಳಗಿಂದ ಗದ್ದೇಲವ್ನೆ. ಅವನ ಫೋನು ಆಫ್ ಆಗಿ ಇಲ್ಲೇ ಚಾರ್ಜಿಗೆ ಬಿದ್ದದೆ."

ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಮಂಜನ ಉಸಿರು ಕಿವಿಗೆ ತಾಗಿದ ಹಾಗಿತ್ತು. ಆ ಉಸಿರೂ ನನ್ನದೇ?

"ಹಂಗಾದ್ರೆ ನಂಗೆ ತಲೆ ಕೆಟ್ಟಿದೆ ಕಣೇ ತಾರಾ."

"ಕೆಟ್ಟಿದ್ರೆ ತೋರ್ಸ್ಕಂಡ್ರಾಯ್ತು. ಎಲ್ರ ತಲೆನೂ ಎಲ್ಲೋ ಒಂದ್ಕಡೆ ಕೆಟ್ಟಿರ್ತದೆ."

"ಕಾಗೆ?"

"ಯಾವ ಕಾಗೆ? ಅಷ್ಟು ಜನದ ಮುಂದೆ ನಿನ್ನ ಹುಚ್ಚಿ ಮಾಡ್ಲಾ? ಐ ಹ್ಯಾಡ್ ಟು ಸೇ ಸಮ್‌ಥಿಂಗ್."

ಹಿಂದಿರುಗುವಾಗ ಕಾರಿನಲ್ಲಿ ಶೈಲಾ ಹುಣಸೂರಿನ ತನಕವೂ ತಾರಾಳನ್ನು ಬೈದಳು. ಓದಿದವರು ಹೀಗೆ ಮಾಡಿದರೆ ಹೇಗೆ, ವಯಸ್ಸಾದ ಅತ್ತೆಯ ಹಾರ್ಟ್ ನಿಂತಿದ್ದರೆ ಏನು ಗತಿ ಎಂದು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ.

ಮುಂದಿನ ವಾರ ಬೆಳಿಗ್ಗೆಯೇ ತಾರಾ ನಮ್ಮ ಮನೆಯ ಬಾಗಿಲಲ್ಲಿದ್ದಳು. ಅವಳ ಹೆಣದ ಮೇಲೆ ಹೊದಿಸಲು ತಂದಿದ್ದ ಆ ಸೀರೆಯನ್ನೇ ಉಟ್ಟಿದ್ದಳು. "ಮೈಸೂರಿಗೆ ಹೊರಡು" ಅಂದಳು. ಹರೀಶನಿಗೆ ಎಲ್ಲವನ್ನೂ ಅವಳೇ ಹೇಳಿದಳು. ಶೈಲಾ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡು, ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದವಳು, ನಮಗೆ ಬುತ್ತಿ ಕಟ್ಟಿ ತಂದುಕೊಟ್ಟಳು. ತಾರಾಳ ಮುಖ ನೋಡಲು ಅವಳಿಗೆ ಆಗಲಿಲ್ಲ.

ನರರೋಗದ ಡಾಕ್ಟರ ವೇಟಿಂಗ್ ರೂಮಿನಲ್ಲಿ ಬೆಳಿಗ್ಗೆಯಿಂದ ಕಾದೆವು. ಪಕ್ಕದಲ್ಲಿ ಎಚ್.ಡಿ. ಕೋಟೆಯ ಒಬ್ಬ ಹಿರಿಯರು, ತಲೆಗೆ ಟವೆಲ್ ಸುತ್ತಿಕೊಂಡವರು.

"ನಿಮಗೇನ್ರವ್ವ ಕಾಯ್ಲೆ?"

"ನಿದ್ದೆ ಬರೋದು."

"ನಿದ್ದೆ ಬರದೂ ಒಂದು ಕಾಯ್ಲೆನಾ? ನಂಗೆ ಬರಲ್ಲ ಅಂತ ನಾನಿಲ್ಲಿ ಬಂದ್ ಕುಂತಿವ್ನಿ. ಒಸಿ ಇತ್ಲಾಗೆ ಕೊಡ್ರವ್ವ!"

ತಾರಾ ಥಟ್ಟನೆ ನನ್ನ ಸೊಂಟಕ್ಕೆ ಕೈ ಹಾಕಿದಳು. ನಾನು ನಕ್ಕೆ, ಕತ್ತು ಕಳಚಿ ಅವಳ ಭುಜದ ಮೇಲೆ ಬಿತ್ತು. ಆ ಹಿರಿಯರು ಹೆದರಿ ಎದ್ದು ನಿಂತರು. "ಏನಿಲ್ಲ ಕೂತ್ಕಳಿ, ನಮ್ಮಕ್ಕ ನಗೋದೇ ಹಂಗೆ" ಅಂದಳು ತಾರಾ.

ಒಳಗೆ ಡಾಕ್ಟರು ನನ್ನ ಮೊಮ್ಮಗನ ವಯಸ್ಸಿನವರ ಹಾಗೆ ಕಂಡರು. ನಾನು ಫೋನಿನ ವಿಷಯ, ತಟ್ಟೆಯ ವಿಷಯ ಹೇಳಿದೆ. ನಗುವ ವಿಷಯ ನನಗೆ ಕಾಯಿಲೆ ಅನ್ನಿಸಿಯೇ ಇರಲಿಲ್ಲ. ಅದನ್ನು ಹೇಳಿದ್ದು ತಾರಾ. ಅದನ್ನು ಕೇಳಿದ್ದೇ ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ಯಾವಾಗಿಂದ?" ಅಂದರು. "ಬೋರ್ಡಿಂಗಿಂದ" ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ಪರೀಕ್ಷೆಗೆ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ತಲೆಗೆ ಅಂಟು ಹಚ್ಚಿ ವೈರು ಕೂರಿಸಿ, ಹಗಲಿನಲ್ಲಿ ಮತ್ತೆ ಮತ್ತೆ ಮಲಗಿಸಿ ಎಬ್ಬಿಸಿದರು. ಅಲ್ಲಿದ್ದ ಟೆಕ್ನಿಷಿಯನ್ ಹುಡುಗಿ ಪ್ರತಿ ಸಲವೂ, "ನಿದ್ದೆ ಬಂತಾ ಅಮ್ಮ?" ಎಂದು ಕೇಳುತ್ತಿದ್ದಳು.

"ಇಲ್ಲಮ್ಮ, ಎಚ್ಚರವಾಗೇ ಇದ್ದೆ. ಫ್ಯಾನಿನ ಜೊತೆ ಮಾರ್ಕ್ಸ್ ವಿಷಯ ಮಾತಾಡ್ತಾ ಇದ್ದೆ" ಅಂದೆ ಒಮ್ಮೆ. ಹೇಳಿದ ಮೇಲೆ ನನಗೇ ನನ್ನ ಮಾತು ಕೇಳಿಸಿತು. ಆ ಹುಡುಗಿ ನಗಲಿಲ್ಲ. ಹಣೆಯ ಮೇಲಿನ ಅಂಟನ್ನು ಹತ್ತಿಯಿಂದ ಒರೆಸುತ್ತಾ, "ಫ್ಯಾನ್ ಪಾಸ್ ಆಯ್ತಾ?" ಅಂತಷ್ಟೇ ಕೇಳಿದಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಕಾಯಿಲೆಯ ಹೆಸರು ನಾರ್ಕೊಲೆಪ್ಸಿ. ಎಚ್ಚರಕ್ಕೂ ಕನಸಿಗೂ ನಡುವಿನ ಬಾಗಿಲು ನಿಮ್ಮಲ್ಲಿ ಸರಿಯಾಗಿ ಹಾಕಿಕೊಳ್ಳುವುದಿಲ್ಲ ಎಂದರು ಡಾಕ್ಟರು. ಪೂರ್ತಿ ಗುಣವಾಗುವಂಥದ್ದಲ್ಲ, ಮಾತ್ರೆಯಿಂದ ಹದ್ದುಬಸ್ತಿನಲ್ಲಿ ಇಡಬಹುದು. ಆಮೇಲೆ, ಕಡತ ಮುಚ್ಚುವಾಗ, "ಇದು ಸೋಮಾರಿತನ ಅಲ್ಲ ಅಮ್ಮ, ಹುಚ್ಚೂ ಅಲ್ಲ" ಅಂದರು.

ಈ ಮಾತು ಕೇಳಬೇಕಾಗಿದ್ದವರು ಯಾರೂ ಇರಲಿಲ್ಲ. ಸಿಸ್ಟರ್‌ಗಳು, ಹೆಡ್‌ಮಿಸ್ಟ್ರೆಸ್, ನಮ್ಮತ್ತೆ, ಎಲ್ಲರೂ ಮಣ್ಣಾಗಿದ್ದರು. ನಾನು ಕಾರಿಡಾರಿನ ಬೆಂಚಿನಲ್ಲಿ ಕೂತು ಅತ್ತೆ. ತಾರಾ ಕೋಡುಬಳೆ ಕೈಗಿಟ್ಟು, "ಅತ್ಕಂಡೇ ತಿನ್ನು, ಮೆತ್ತಗಾಯ್ತದೆ" ಅಂದಳು.

ಬೆಳಿಗ್ಗೆ ಒಂದು ಮಾತ್ರೆ ಎಚ್ಚರಕ್ಕೆ, ರಾತ್ರಿ ಒಂದು ಆ ಬಾಗಿಲು ಹಾಕುವುದಕ್ಕೆ. ಊಟದ ನಂತರ ಅಲಾರಂ ಇಟ್ಟು ಸಣ್ಣ ನಿದ್ದೆ. ಕಣ್ಣು ಮುಚ್ಚುವಾಗ ಏನಾದರೂ ಕೇಳಿಸಿದರೆ, ಕಾಣಿಸಿದರೆ, ಯಾರನ್ನಾದರೂ ಕೇಳದೆ ನಂಬಬಾರದು. ಶೈಲಾ ಇದನ್ನು ಬಹಳ ಸೀರಿಯಸ್ಸಾಗಿ ತೆಗೆದುಕೊಂಡಳು. "ಶೈಲಾ, ಬೆಲ್ ಆಯ್ತಾ?" "ಆಯ್ತು ಅತ್ತೆ, ಹಾಲಿನವನು." "ಶೈಲಾ, ಮಳೆ ಬರ್ತಿದೆಯಾ?" "ಇಲ್ಲ ಅತ್ತೆ, ಮಲಗಿ." ಹೀಗೆ ಅವಳ ಕಿವಿಯಿಂದ ನಾನು ಲೋಕವನ್ನು ಕೇಳಿಸಿಕೊಂಡೆ. ತಟ್ಟೆಯ ಸದ್ದು ನಿಂತಿತು. ಯಜಮಾನರು ಬರುವುದು ಕಡಿಮೆಯಾಗಿ, ಆಮೇಲೆ ಬರಲೇ ಇಲ್ಲ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಖಾಲಿ ಬಾಗಿಲನ್ನು ನೋಡುತ್ತಾ ನಾನು ಎರಡನೇ ಸಲ ವಿಧವೆಯಾದೆ.

ಒಂದು ವರ್ಷ ಕಳೆದಿರಬೇಕು. ತಾರಾಳಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಅಂತ ತಿಂಗಳುಗಟ್ಟಲೆ ಜೀರಿಗೆ ನೀರು ಕುಡಿದಳು. ಕಣ್ಣು ಹಳದಿಯಾದ ಮೇಲೆ ಸ್ಕ್ಯಾನ್ ಮಾಡಿಸಿದರು. ಗೆಡ್ಡೆ ದೊಡ್ಡದಾಗಿತ್ತು, ಆಪರೇಷನ್ ಮಾಡುವ ಹಂತ ದಾಟಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದರು.

ನಾನು ಮಿರ್ಲೆಗೆ ಹೋಗಿ ಹದಿನೈದು ದಿನ ಇದ್ದೆ. ಅಲ್ಲಿಗೆ ನೋಡಲು ಬಂದ ಒಬ್ಬಾಕೆ ಜಗುಲಿಯಲ್ಲಿ ಕೂತು, "ಕಾಗೆ ಸುಮ್ಕೆ ಕುಕ್ಕಿರಾಕಿಲ್ಲ. ಸುದ್ದಿ ಕಳ್ಸುದ್ರೂ ತಪ್ಪುಲಿಲ್ಲ ನೋಡು" ಎಂದು ತಾರಾಳ ಸೊಸೆ ಲತಾಗೆ ಹೇಳುತ್ತಿದ್ದದ್ದು ಕೇಳಿಸಿತು. ಕಾಗೆಯೇ ಇರಲಿಲ್ಲ. ಇದ್ದದ್ದು ನಾನು. ನಾನು ಎದ್ದು ಹೋಗಿ ಹೇಳಿಬಿಡಬೇಕು ಅನ್ನುವಷ್ಟರಲ್ಲಿ ಒಳಗಿಂದ ತಾರಾ ಕರೆದಳು.

"ಬುಡಕ್ಕ, ಕಾಗೇನೇ ಆಗ್ಲಿ. ಕಾಗೆಗೇನು ಮರ್ವಾದೆ ಓಯ್ತದಾ?"

ನಾನು ಒಳ್ಳೆಯ ಅಟೆಂಡರ್ ಆಗಿರಲಿಲ್ಲ. ಮಾತ್ರೆ ನುಂಗಿದ್ದರೂ ಅವಳ ಮಂಚದ ಪಕ್ಕ ಕೂತರೆ ತೂಕಡಿಕೆ. ಅವಳು ಮಾತಾಡುತ್ತಿರುವಾಗಲೇ ನನ್ನ ಕತ್ತು ಜೋಲುತ್ತಿತ್ತು. ಲತಾ ಎಬ್ಬಿಸಲು ಬಂದರೆ ತಾರಾ, "ಮಲಗ್ಲಿ ಬುಡವ್ವ. ನಮ್ಮಕ್ಕ ನಿದ್ದೇಲೂ ಕೇಳುಸ್ಕೊತಾಳೆ" ಅನ್ನುತ್ತಿದ್ದಳಂತೆ.

ಅಲ್ಲೇ ನನ್ನ ತೊಂದರೆ. ಕೇಳಿಸಿಕೊಂಡೆ. ಒಂದು ಮಧ್ಯಾಹ್ನ ಅವಳು ನನ್ನ ಕೈ ಹಿಡಿದುಕೊಂಡು, ಹೆದರಿಕೆಯಾಗುತ್ತಿದೆ ಅಕ್ಕ, ಬೋರ್ಡಿಂಗಿಗೆ ಮೊದಲ ದಿನ ಹೋದಾಗ ಆದಂಥ ಹೆದರಿಕೆ, ನೀನು ಮೊದಲು ಹೋಗಿ ಹಾಸಿಗೆ ಹಿಡಿದಿಟ್ಟಿದ್ದೆಯಲ್ಲ, ಈ ಸಲ ನಾನು ಹೋಗಿ ಹಿಡಿದಿಡುತ್ತೇನೆ ಎಂದಳು. ಎಷ್ಟು ಚೆನ್ನಾಗಿ ಹೇಳಿದಳು! ನಾನು ಎದ್ದು ಕಣ್ಣೊರೆಸಿಕೊಂಡು ಲತಾಳನ್ನು ಕೇಳಿದೆ, ಕೇಳಲೇಬೇಕಲ್ಲ. ಲತಾ ತಲೆ ತಗ್ಗಿಸಿದಳು.

"ಅತ್ತೆ ಆಗ್ಲಿಂದ ಮಲಗವ್ರೆ ದೊಡ್ಡತ್ತೆ. ನೋವಿನ್ ಮಾತ್ರೆ ಕೊಟ್ಟಿದ್ನಲ್ಲ. ಏನೂ ಮಾತಾಡಿಲ್ಲ."

ಹದಿನೈದು ದಿನ ಕಳೆದ ಮೇಲೆ ನನ್ನ ಮಾತ್ರೆ ಮುಗಿಯುತ್ತಾ ಬಂತು. ಡಾಕ್ಟರನ್ನು ನೋಡಿ ಬರುತ್ತೇನೆಂದು ಹುಣಸೂರಿಗೆ ಬಂದೆ. ಬಂದ ನಾಲ್ಕನೆಯ ದಿನ ಊಟದ ನಂತರ ಚೇರಿನಲ್ಲಿ ಕೂತಿದ್ದೆ. ಫೋನ್ ರಿಂಗಾಯಿತು. ಮಂಜನ ಧ್ವನಿ. "ದೊಡ್ಡವ್ವ, ಅವ್ವ..." ಅಷ್ಟೇ.

ನಾನು ಅಳಲಿಲ್ಲ. ಫೋನ್ ಹಿಡಿದುಕೊಂಡು ಅಡುಗೆಮನೆಗೆ ನಡೆದೆ. ಶೈಲಾ ಒಲೆಯ ಮುಂದಿದ್ದಳು.

"ಶೈಲಾ, ಈ ಫೋನ್ ನಿಜವಾ?"

ಅವಳು ಫೋನ್ ತೆಗೆದುಕೊಂಡು ಕಿವಿಗಿಟ್ಟಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಒಲೆ ಆರಿಸಿ, ನನ್ನನ್ನು ತಬ್ಬಿಕೊಂಡು, "ನಿಜ ಅತ್ತೆ" ಅಂದಳು. ಆ ಎರಡು ಪದ ಹೇಳುವುದು ಅವಳಿಗೆ ಎಷ್ಟು ಕಷ್ಟವಾಯಿತೋ. ಈ ಸಲವೂ ಪುಟ್ಟಸ್ವಾಮಿ ಸೀರೆ ತಂದ. ಈ ಸಲ ಯಾರೂ ಅದರ ಬಣ್ಣ ನೋಡಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ರಾತ್ರಿಯ ಮಾತ್ರೆ ನಿಲ್ಲಿಸಿದೆ. ಹೀಗೆ ಏಕಾಏಕಿ ನಿಲ್ಲಿಸಬಾರದೆಂದು ಡಾಕ್ಟರು ಎಚ್ಚರಿಸಿದ್ದರು. ಓದುವವರು ಯಾರೂ ಹೀಗೆ ಮಾಡಬೇಡಿ. ಆದರೆ ನನಗೆ ಬಾಗಿಲು ತೆರೆದಿರಬೇಕಿತ್ತು. ಯಜಮಾನರೇ ಬಂದಿದ್ದರು, ತಾರಾ ಬಾರದಿರುತ್ತಾಳೆಯೇ? ದಿಂಬಿನ ಹೊದಿಕೆಯೊಳಗೆ ಮಾತ್ರೆ ಬಚ್ಚಿಟ್ಟೆ. ಮಧ್ಯಾಹ್ನದ ಕುರ್ಚಿಯಲ್ಲಿ ಕಾದು ಕೂತೆ. ಏನೇನೋ ಬಂದವು. ಗುರುತಿಲ್ಲದ ಗಂಡಸೊಬ್ಬ ನಮ್ಮ ನಡುಮನೆಯಲ್ಲಿ ಎಮ್ಮೆ ಕಟ್ಟಿದ. ಗೋಡೆಯ ಮೇಲೆ ಯಾರದೋ ಕೈ ಬಿಳಿ ಸುಣ್ಣ ಬಳಿಯಿತು. ಕೊನೆಗೆ ತಾರಾ ಬಂದಳು, ಒಂದಲ್ಲ, ಹಲವು ಸಲ. ಬಾಗಿಲಲ್ಲಿ ನಿಂತು, ತುಂಬಿದ ಮುಖ, ಹಳದಿಯಿಲ್ಲದ ಕಣ್ಣು, ನನ್ನನ್ನೇ ನೋಡುತ್ತಾ, ಬೋರ್ಡಿಂಗಿನ ಹಾಸಿಗೆಯಂಥ ಮಾತುಗಳನ್ನು ಆಡಿದಳು. ಆ ಮಾತುಗಳು ನನ್ನ ಮಾತಿನ ಹಾಗೆಯೇ ಇದ್ದವು. ಮಿರ್ಲೆಯ ತಾರಾ ಹಾಗೆ ಮಾತಾಡುವವಳಲ್ಲ. ಅದು ಕೂತು ಕೇಳುವಾಗ ತಿಳಿಯದು, ಎದ್ದ ಮೇಲೆ ತಿಳಿದು ಎದೆ ಬರಿದಾಗುತ್ತಿತ್ತು.

ದಿಂಬಿನ ಹೊದಿಕೆ ಒಗೆಯಲು ತೆಗೆದಾಗ ಶೈಲಾಗೆ ಮಾತ್ರೆಗಳು ಸಿಕ್ಕವು. ಬೈಯುತ್ತಾಳೆ ಅಂದುಕೊಂಡೆ. ಅವಳು ಮಂಚದ ಮೇಲೆ ನನ್ನ ಪಕ್ಕ ಕೂತಳು.

"ಬಂದ್ರಾ ಚಿಕ್ಕತ್ತೆ?"

"ಯಾರೋ ಬಂದ್ರು ಕಣಮ್ಮ. ಅವಳಲ್ಲ."

ಆ ಸಂಜೆ ಅವಳೇ ನೀರು, ಮಾತ್ರೆ ಎರಡನ್ನೂ ತಂದು ಎದುರಿಗೆ ನಿಂತಳು. ನುಂಗಿದೆ. ಅಂದಿನಿಂದ ತಪ್ಪಿಸಿಲ್ಲ.

ಈಗ ಬಿಡಿಸಿ ನೋಡಿದ್ದೇನೆ. ಬಾಗಿಲಲ್ಲಿ ನಿಂತ ತಾರಾ ನನ್ನವಳು, ಅವಳನ್ನು ಬಿಟ್ಟುಕೊಟ್ಟಿದ್ದೇನೆ. ಹಾಸಿಗೆ ಹಿಡಿದಿಡುತ್ತೇನೆ ಎಂದವಳನ್ನೂ ಬಿಟ್ಟುಕೊಟ್ಟೆ, ಅದರಿಂದ ಬಹಳ ನೋವಾಯಿತು. ಸತ್ತ ಮೇಲೆ ಬಟ್ಟೆ ಹೊದಿಸಿ ಮಲಗಿಸಿದ್ದನ್ನು ಅವಳನ್ನು ನೋಡಿದ್ದು ಎಂದು ನಾನು ಎಣಿಸುವುದಿಲ್ಲ. ಉಳಿದದ್ದು ನಾನು ಹುಣಸೂರಿಗೆ ಹೊರಟ ದಿನ.

ಬೆಳಿಗ್ಗೆಯ ಬಿಸಿಲು. ತಾರಾಳಿಗೆ ಚಳಿಯೆಂದು ಲತಾ ಪ್ಲಾಸ್ಟಿಕ್ ಕುರ್ಚಿಯನ್ನು ಅಂಗಳಕ್ಕೆ ತಂದು ಕೂರಿಸಿದ್ದಳು. ಮಂಜನ ಸ್ವೆಟರ್ ಹಾಕಿಕೊಂಡಿದ್ದಳು, ತೋಳು ಉದ್ದವಾಗಿ ಕೈಬೆರಳು ಕಾಣುತ್ತಿರಲಿಲ್ಲ. ಅಂಗಳದ ತುಂಬ ಭತ್ತ ಹರಡಿತ್ತು. ನಾನು ಆಟೋ ಹತ್ತುವ ಮೊದಲು ಅವಳ ಹತ್ತಿರ ಬಗ್ಗಿದೆ. ಏನಾದರೂ ಹೇಳುತ್ತಾಳೆ ಎಂದು ಕಾದೆ.

"ಉಪ್ಪಿನ್ಕಾಯಿ ತಗಂಡೋಗಿದ್ ಡಬ್ಬಿ ವಾಪಸ್ ತಂದೆ, ಮುಚ್ಚುಳ ತಂದಿಲ್ಲ ನೀನು" ಅಂದಳು. "ಬರಿ ಡಬ್ಬಿ ಮಡಿಕ್ಕಂಡು ಲತಾ ಏನ್ ಮಾಡಾಳು?"

"ಬರೋವಾಗ ತರ್ತೀನಿ."

"ಮರ್ತ್‌ಬುಡ್ತೀಯ. ಸೆರಗಿಗೆ ಗಂಟಾಕು."

ನಾನು ಸೆರಗಿನ ತುದಿಗೆ ಗಂಟು ಹಾಕಿದೆ. ಅವಳು ಸ್ವೆಟರಿನ ತೋಳಿನೊಳಗಿನಿಂದ ಎರಡು ಬೆರಳು ಹೊರತೆಗೆದು, ಗಂಟನ್ನು ಎಳೆದು ನೋಡಿ, "ಊ" ಅಂದಳು. ನಾನು ಹೋಗಿ ಆಟೋದಲ್ಲಿ ಕೂತೆ. ಲತಾ ಬ್ಯಾಗು ಕಾಲ ಬಳಿ ಇಟ್ಟಳು. ಆಮೇಲೆ ಲತಾಳನ್ನು ಕೇಳಿದ್ದೇನೆ, ಅವಳೂ ಇದನ್ನೆಲ್ಲ ಕಂಡಿದ್ದಾಳೆ. ಆಟೋ ತಿರುಗುವಾಗ ನಾನು ತಲೆ ಹೊರಹಾಕಿ ಕೈ ಬೀಸಿದೆ. ತಾರಾ ನನ್ನ ಕಡೆ ನೋಡುತ್ತಿರಲಿಲ್ಲ. ಭತ್ತಕ್ಕೆ ಕೋಳಿ ನುಗ್ಗಿತ್ತು. ಅವಳು ಕುರ್ಚಿಯಿಂದ ಅರ್ಧ ಎದ್ದು, ಅತ್ತ ಮುಖ ಮಾಡಿಕೊಂಡು, ಆ ಉದ್ದ ತೋಳನ್ನು ಬೀಸುತ್ತಾ ಕೋಳಿ ಅಟ್ಟುತ್ತಿದ್ದಳು.